ಊರಿಗೊಂದು ಉದ್ಯಮ ಕಟ್ಟುವವರಿಗೆ: ಕನ್ಯಾನದ ಗಡಿಯಿಂದ ಎಂಟು ಪಾಠಗಳು

ಕನ್ಯಾನ ಬಂಟ್ವಾಳ ತಾಲೂಕಿನ ಗಡಿಯ ಊರು. ಆಚೆಗೆ ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ. ಅಡಿಕೆ, ಕೊಕ್ಕೊ, ರಬ್ಬರು, ಗೇರು, ಹಿತ್ತಲು ಹಿತ್ತಲಿನಲ್ಲಿ ಹಲಸು. ಇಲ್ಲಿ ಬೆಳೆಗೆ ಬರವಿಲ್ಲ. ಬೆಳೆದದ್ದಕ್ಕೆ ಬೆಲೆ ಕಟ್ಟುವವರು ಮಾತ್ರ ಬೇರೆ ಊರಿನವರು. ಈ ಭಾಗದ ಸ್ವಸಹಾಯ ಗುಂಪುಗಳ ಜೊತೆ ದುಡಿಯುತ್ತ, ಹಪ್ಪಳದ ಘಟಕದಂಥ ಸಣ್ಣ ಉದ್ಯಮಗಳು ನಿಂತದ್ದನ್ನೂ ಮುಚ್ಚಿದ್ದನ್ನೂ ಹತ್ತಿರದಿಂದ ಕಂಡಿದ್ದೇನೆ. ಅದರಿಂದ ಕಲಿತದ್ದನ್ನು ಹೊಸದಾಗಿ ಹೊರಟವರ ಮುಂದಿಡುತ್ತಿದ್ದೇನೆ.

1. ನಷ್ಟ ಎಲ್ಲಿ ಆಗುತ್ತಿದೆಯೆಂದು ಮೊದಲು ನೋಡಿ

"ಯಾವ ಯೋಜನೆಗೆ ಸಬ್ಸಿಡಿ ಇದೆ?" ಎಂಬ ಪ್ರಶ್ನೆಯಿಂದ ಹೊರಟ ಉದ್ಯಮ ಸಬ್ಸಿಡಿ ಮುಗಿದೊಡನೆ ದಣಿಯುತ್ತದೆ. "ನಮ್ಮ ಊರಿನ ದುಡ್ಡು ಎಲ್ಲಿ ಸೋರುತ್ತಿದೆ?" ಎಂದು ಕೇಳಿ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ನಮ್ಮ ನೆರೆಯ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಟ್ಟುಗೂಡಿಸಿದರು. 1973ರ ಜುಲೈ 11ರಂದು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿತು. ಅದರ ಮೊದಲ ಉದ್ದೇಶ ಒಂದೇ: ಬೆಳೆಗಾರನ ಅಡಿಕೆಯನ್ನು ನ್ಯಾಯವಾದ ದರಕ್ಕೆ ಕೊಳ್ಳುವುದು. ನಷ್ಟ ಸ್ಪಷ್ಟವಾಗಿತ್ತು, ಆದ್ದರಿಂದ ಸಂಸ್ಥೆ ಯಾಕೆ ಬೇಕೆಂದು ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ.

2. ಯಂತ್ರಕ್ಕೆ ಮೊದಲು ಗಿರಾಕಿ

1980ರ ಸುಮಾರಿಗೆ ಕೊಕ್ಕೊ ಬೆಲೆ ಬಿದ್ದು ಖಾಸಗಿಯವರು ಖರೀದಿಯಿಂದ ಹಿಂದೆ ಸರಿದಾಗ ಕ್ಯಾಂಪ್ಕೋ ಕೊಕ್ಕೊ ಖರೀದಿಗೆ ಇಳಿಯಿತು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭವಾದದ್ದು 1986ರಲ್ಲಿ. ಮೊದಲು ಖರೀದಿ, ವ್ಯಾಪಾರದ ಅನುಭವ, ಆಮೇಲೆ ಕಟ್ಟಡ. ಸಣ್ಣ ಗುಂಪುಗಳು ಇದನ್ನು ತಿರುಗಿಸಿ ಮಾಡುತ್ತವೆ. ಶೆಡ್ಡು ಎದ್ದಿರುತ್ತದೆ, ಯಂತ್ರ ಬಂದಿರುತ್ತದೆ, ಹಪ್ಪಳ ಕೊಳ್ಳುವವರು ಯಾರೆಂದು ಗೊತ್ತಿರುವುದಿಲ್ಲ. ಮೊದಲ ವರ್ಷ ಮನೆಯ ಪಾತ್ರೆ, ಮನೆಯ ಅಂಗಳದಲ್ಲೇ ಮಾಡಿ ವಿಟ್ಲ, ಉಪ್ಪಳ, ಬಿ.ಸಿ.ರೋಡಿನ ಅಂಗಡಿಗಳಿಗೆ ಕೊಡಿ. ಅಂಗಡಿಯವರು ಎರಡನೆಯ ಸಲ ತಾವಾಗಿ ಕೇಳಿದ ಮೇಲೆ ಯಂತ್ರದ ಮಾತು.

3. ದುಡಿಮೆಯ ಬಂಡವಾಳ ಕೈಯಲ್ಲಿರಲಿ

ಹಲಸಿನ ಹಪ್ಪಳಕ್ಕೆ ಬೇಕಾದದ್ದು ಬಲಿತ ಕಾಯಿ ಮತ್ತು ಬಿರುಬಿಸಿಲು. ಸೊಳೆ (ಹಲಸಿನ ತೊಳೆ) ಬೇಯಿಸಿ, ಅರೆದು, ಒತ್ತಿ ಒಣಗಿಸುವುದೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಆದರೆ ಹಪ್ಪಳ ಹೆಚ್ಚು ಖರ್ಚಾಗುವುದು ಮಳೆಗಾಲದಲ್ಲಿ. ಸುಲಿದವರಿಗೂ ಒತ್ತಿದವರಿಗೂ ಮೇ ತಿಂಗಳಲ್ಲೇ ಕೂಲಿ ಕೊಡಬೇಕು, ಅಂಗಡಿಯ ಹಣ ಬರುವುದು ಆಗಸ್ಟಿನ ಹೊತ್ತಿಗೆ. ಈ ನಡುವಿನ ತಿಂಗಳುಗಳಲ್ಲೇ ಗುಂಪುಗಳು ಒಡೆಯುತ್ತವೆ. ಯೋಜನಾ ವರದಿಯಲ್ಲಿ ಯಂತ್ರದ ಬೆಲೆ ಮಾತ್ರ ಬರೆದು ಈ ಖರ್ಚನ್ನು ಬಿಟ್ಟರೆ ವರದಿ ಕಾಗದವಾಗಿಯೇ ಉಳಿಯುತ್ತದೆ. ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲಕ್ಕೂ ಒಂದಿಷ್ಟು ಕೆಲಸ ಉಳಿಯುತ್ತದೆ. ಒಂದೇ ಹಂಗಾಮಿನ ಮೇಲೆ ಇಡೀ ವರ್ಷವನ್ನು ಹೇರಬೇಡಿ.

4. ಪಾಲು ಹಣ ಚಿಕ್ಕದಿರಲಿ, ಪ್ರತಿ ಮನೆಯಿಂದ ಬರಲಿ

ನಾಲ್ಕು ಜನ ಉಳ್ಳವರು ದೊಡ್ಡ ಮೊತ್ತ ಹಾಕಿದರೆ ಕೆಲಸ ಬೇಗ ಶುರುವಾಗುತ್ತದೆ, ಆದರೆ ಉದ್ಯಮ ಆ ನಾಲ್ಕು ಜನರದ್ದಾಗುತ್ತದೆ. ಸಣ್ಣ ಮೊತ್ತದ ಶಕ್ತಿಯನ್ನು ತೋರಿಸಿಕೊಟ್ಟದ್ದು ನಮ್ಮ ಕರಾವಳಿಯೇ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿ ಬೆಳೆಯಿತು. ಪಾಲು ಹಾಕಿದವನು ಲೆಕ್ಕ ಕೇಳುತ್ತಾನೆ, ತನ್ನ ಕಾಯಿಯನ್ನು ಹೊರಗಿನವರಿಗೆ ಕೊಡುವ ಮುನ್ನ ಯೋಚಿಸುತ್ತಾನೆ.

5. ಗಡಿಯ ಊರಿನವರು ನೋಂದಣಿಗೆ ಮೊದಲು ಯೋಚಿಸಬೇಕು

ಹತ್ತಿಪ್ಪತ್ತು ಮಹಿಳೆಯರ ಕೆಲಸಕ್ಕೆ ಸ್ವಸಹಾಯ ಗುಂಪು ಸಾಕು. ವ್ಯಾಪಾರ ಬೆಳೆದಾಗ ದಾರಿಗಳು ಮೂರು: 1959ರ ಕಾಯ್ದೆಯಡಿ ಸಹಕಾರ ಸಂಘ, 1997ರ ಕಾಯ್ದೆಯಡಿ ಸೌಹಾರ್ದ ಸಹಕಾರಿ, ಅಥವಾ ಕನಿಷ್ಠ 10 ಉತ್ಪಾದಕರು ಸೇರಿ ಕಟ್ಟುವ ಉತ್ಪಾದಕರ ಕಂಪನಿ. ಮೊದಲ ಎರಡೂ ಕರ್ನಾಟಕದ ಕಾನೂನುಗಳು. ಬಾಯಾರಿನ ನೆಂಟರೂ ಸದಸ್ಯರಾಗಬೇಕೆಂದಿದ್ದರೆ ಕಂಪನಿ ಅಥವಾ ಬಹುರಾಜ್ಯ ಸಹಕಾರಿಯ ದಾರಿ ನೋಡಬೇಕು. ಕ್ಯಾಂಪ್ಕೋ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನು ಒಳಗೊಂಡದ್ದು ಬಹುರಾಜ್ಯ ಸಹಕಾರಿಯಾಗಿಯೇ. ಯಾವ ರೂಪವಾದರೂ ಪ್ರತಿ ವರ್ಷ ಲೆಕ್ಕಪರಿಶೋಧನೆ, ಮಹಾಸಭೆ ತಪ್ಪುವುದಿಲ್ಲ. ಅದನ್ನು ನೋಡಿಕೊಳ್ಳುವ ಒಬ್ಬರು ಸಿಗುವವರೆಗೆ ದೊಡ್ಡ ರೂಪಕ್ಕೆ ಕೈಹಾಕಬೇಡಿ.

6. ತೂಕ, ದರ್ಜೆ, ದರ ಎಲ್ಲರ ಕಣ್ಣೆದುರು

ಹಾಲಿನ ಸೊಸೈಟಿಯನ್ನು ನೋಡಿ. ಹಾಲಿನ ಅಳತೆಯೂ ಕೊಬ್ಬಿನ ಅಂಶವೂ ಅಲ್ಲೇ ಗೊತ್ತಾಗುತ್ತದೆ, ಯಾರ ಮನೆಯ ಹಾಲಿಗೂ ಅಳತೆಗೋಲು ಒಂದೇ. ಅಡಿಕೆಯ ದರ್ಜೆಗಳಲ್ಲಿ ಪಟೋರ ಯಾವುದು, ಕರಿಗೋಟು ಯಾವುದು ಎಂದು ಬೆಳೆಗಾರನ ಎದುರಿನಲ್ಲೇ ವಿಂಗಡಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಹಲಸಿಗೂ ಅದೇ ನಿಯಮ: ಯಾವ ಕಾಯಿಗೆ ಎಷ್ಟು ದರ ಎಂದು ಬೋರ್ಡಿನಲ್ಲಿ ಬರೆಯಿರಿ. ಅಧ್ಯಕ್ಷರ ಮನೆಯ ಕಾಯಿಗೂ ಅದೇ ತಕ್ಕಡಿ. ಇಲ್ಲಿ ಒಂದೇ ಸಭೆಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಬ್ಯಾರಿ ಮಾತಾಡುವವರು ಕೂರುತ್ತಾರೆ. ನಿರ್ಣಯ ಪುಸ್ತಕ ಕನ್ನಡದಲ್ಲಿರಲಿ, ಆದರೆ ಲೆಕ್ಕವನ್ನು ಪ್ರತಿಯೊಬ್ಬರಿಗೂ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ.

7. ಸೇವೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಬೇಡಿ

ಶುರುವಿನ ಉತ್ಸಾಹದಲ್ಲಿ ಎಲ್ಲರೂ ಸಂಬಳವಿಲ್ಲದೆ ಬರುತ್ತಾರೆ. ತೋಟಕ್ಕೆ ಮದ್ದು ಬಿಡುವ ಕಾಲ ಬಂದಾಗ, ಮಕ್ಕಳ ಶಾಲೆ ತೆರೆದಾಗ ಬರುವವರು ಕಡಿಮೆಯಾಗುತ್ತಾರೆ. ಮರವಿಲ್ಲದ, ತುಂಡು ಭೂಮಿಯಿಲ್ಲದ ಮನೆಯ ಹೆಂಗಸರಿಗೆ ಈ ಉದ್ಯಮದಿಂದ ಸಿಗುವ ಹಿತ ಕೂಲಿಯೊಂದೇ. ಅದನ್ನು ವಾರ ವಾರ ಕೊಡಿ, ಅವರನ್ನು ಸದಸ್ಯರನ್ನಾಗಿಸಿ, ಆಡಳಿತ ಮಂಡಳಿಯಲ್ಲೂ ಕೂರಿಸಿ. ಲೆಕ್ಕ ಬರೆಯುವ ಹುಡುಗ, ಹುಡುಗಿಗೆ ತರಬೇತಿ ಕೊಡಿಸಿ. ಉಜಿರೆಯ ರುಡ್‌ಸೆಟ್ ಸಂಸ್ಥೆ 1982ರಿಂದ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತ ಬಂದಿದೆ. 

8. ಲಾಭ ಹಂಚುವ ನಿಯಮ ಲಾಭ ಬರುವ ಮೊದಲೇ ಬರೆಯಿರಿ

ಹಣ ಬಂದ ಮೇಲೆ ನಿಯಮ ಬರೆಯಲು ಕೂತರೆ ಸ್ನೇಹ ಉಳಿಯುವುದಿಲ್ಲ. ಸಹಕಾರಿ ಕಾನೂನೇ ನಿವ್ವಳ ಲಾಭದ ಕನಿಷ್ಠ ಶೇ. 25ನ್ನು ಆಪದ್ಧನ ನಿಧಿಗೆ ಇಡಬೇಕೆನ್ನುತ್ತದೆ. ಗುಂಪು ಸಣ್ಣದಾದರೂ ಈ ಶಿಸ್ತು ಪಾಲಿಸಿ. ಉಳಿದುದರಲ್ಲಿ ಹೆಚ್ಚಿನ ಪಾಲು, ಹೆಚ್ಚು ವ್ಯವಹಾರ ಮಾಡಿದ ಸದಸ್ಯರಿಗೆ ಬೋನಸ್ಸಾಗಿ ಹೋಗಲಿ. ಸಣ್ಣದೊಂದು ಪಾಲು ಶಾಲೆಗೋ ಅಂಗನವಾಡಿಗೋ ಮೀಸಲಾಗಲಿ.

ಊರಿನ ಉದ್ಯಮವನ್ನು ಉಳಿಸುವುದು ಸದಸ್ಯರ ವ್ಯವಹಾರ. ಹೊರಗಿನ ವ್ಯಾಪಾರಿ ಒಂದು ರೂಪಾಯಿ ಹೆಚ್ಚು ಕೊಡುವ ವಾರದಲ್ಲೂ ಸದಸ್ಯ ತನ್ನ ಸಂಘಕ್ಕೇ ಕಾಯಿ ತಂದರೆ ಅದು ನಿಲ್ಲುತ್ತದೆ. ಅವನು ಹಾಗೆ ತರುವುದು ಸಂಘ ತನಗೆ ಎಂದೂ ಮೋಸ ಮಾಡಿಲ್ಲವೆಂಬ ನಂಬಿಕೆಯಿದ್ದಾಗ ಮಾತ್ರ. ಈ ನಂಬಿಕೆಗೆ ಯಾವ ಇಲಾಖೆಯೂ ಸಹಾಯಧನ ಕೊಡುವುದಿಲ್ಲ. ಮುಂದಿನ ಹಲಸಿನ ಹಂಗಾಮಿಗೆ ಮೊದಲು ನಿಮ್ಮ ವಾರ್ಡಿನ ಮನೆಮನೆಗೆ ಹೋಗಿ, ಎಷ್ಟು ಕಾಯಿ ಬಿದ್ದು ಕೊಳೆಯುತ್ತದೆ, ಎಷ್ಟು ಕೈಗಳಿಗೆ ಕೆಲಸ ಬೇಕಾಗಿದೆ ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಉದ್ಯಮ ಅಲ್ಲಿಂದಲೇ ಆರಂಭವಾಗಲಿ.