ವಕೀಲರಿಲ್ಲದೆ ತೀರತಕ್ಕ ವ್ಯಾಜ್ಯಗಳು

ಒಂದು ಮೊಳ ಬದುವಿಗೋಸ್ಕರ ಎರಡು ಮನೆಯವರು ವರುಷಗಟ್ಟಲೆ ಕೋರ್ಟಿಗೆ ಅಲೆದು, ಕಡೆಗೆ ಬದುವಿನ ಎರಡು ಕಡೆಯ ಹೊಲಗಳನ್ನೂ ಸಾಲಕ್ಕೆ ಕಳಕೊಂಡ ಸಂಗತಿಯನ್ನು ಕೇಳದ ಹಳ್ಳಿಯವರು ಯಾರು? ಇಂಥ ನಷ್ಟವನ್ನು ತಪ್ಪಿಸುವದಕ್ಕೆ ಲೋಕ ಅದಾಲತ್ತೆಂಬ ಏರ್ಪಾಡು ಉಂಟು. ಅದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಅದು ಎಂಥದು? ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ೧೯೯೫ನೆಯ ನವೆಂಬರ ೯ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ನ್ಯಾಯಾಧಿಕಾರಿಗಳೂ ಬೇರೆ ಯೋಗ್ಯರೂ ಕೂತು, ಉಭಯ ಪಕ್ಷದವರನ್ನು ರಾಜಿಗೆ ತರಲು ಪ್ರಯತ್ನಿಸುವರು. ಕೈಸಾಲ, ಬಾಡಿಗೆ, ಬದುವಿನ ತಕರಾರು, ಜೀವನಾಂಶ ಮುಂತಾದವು ಇಲ್ಲಿ ತೀರಬಹುದು. ರಾಜಿಗೆ ಕಾನೂನು ಒಪ್ಪದ ಅಪರಾಧಗಳು ಇಲ್ಲಿ ಬರಲಾರವು.

೨. ಖರ್ಚು ಎಷ್ಟು? ಶುಲ್ಕವೇ ಇಲ್ಲ. ಕೋರ್ಟಿನಲ್ಲಿದ್ದ ದಾವೆಯು ಇಲ್ಲಿ ರಾಜಿಯಾದರೆ ಮೊದಲು ಕಟ್ಟಿದ ಕೋರ್ಟು ಶುಲ್ಕವೂ ತಿರಿಗಿ ದೊರೆಯುವದು. ದಾವೆ ಹೂಡುವದಕ್ಕಿಂತ ಮುಂಚೆಯೂ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು.

೩. ಒಂದು ದೃಷ್ಟಾಂತ. ಒಬ್ಬ ವಿಧವೆಯು ನೆರೆಯವನಿಗೆ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು, ಕೇಳಿದಾಗ ಸಲ್ಲಿಸತಕ್ಕ ಪ್ರಾಮಿಸರಿ ನೋಟನ್ನು ಬರೆಸಿಕೊಂಡಳೆಂದು ಎಣಿಸಿರಿ. ಅವನು ಹಣ ಕೊಡಲಿಲ್ಲ. ಅದಾಲತ್ತಿನಲ್ಲಿ, ನಾಲ್ಕು ಕಂತುಗಳಲ್ಲಿ ಕೊಡುವೆನೆಂದು ಒಪ್ಪಿ ಇಬ್ಬರೂ ರುಜು ಹಾಕಿದರು. ಆಗ ಆದ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮಾನ. ಅವನು ತಪ್ಪಿದರೆ ಅದನ್ನು ಜಾರಿಮಾಡಿಸಬಹುದು. ಅವನು ಒಪ್ಪದಿದ್ದರೆ ತೀರ್ಪೇ ಇಲ್ಲ. ಆಕೆಯು ಕೋರ್ಟಿಗೆ ಹೋಗಬಹುದು.

೪. ಎರಡು ಎಚ್ಚರಿಕೆಗಳು. ಮೊದಲನೆಯದು: ಈ ತೀರ್ಪಿನ ಮೇಲೆ ಅಪೀಲು ಇಲ್ಲ. ಆದಕಾರಣ ಬರೆದದ್ದನ್ನು ಓದಿಸಿ, ತಿಳುಕೊಂಡ ಮೇಲೆಯೇ ರುಜು ಹಾಕಬೇಕು. ಯಾರ ದಾಕ್ಷಿಣ್ಯಕ್ಕೂ ಒಳಗಾಗಿ ಹೆಬ್ಬೆಟ್ಟು ಒತ್ತಬಾರದು. ಎರಡನೆಯದು: ಅಂಥ ನೋಟಿನ ದಾವೆಗೆ, ಬರೆದ ದಿವಸದಿಂದ ಮೂರು ವರುಷಗಳ ವಾಯಿದೆ ಮಾತ್ರ ಉಂಟು. ನಾಳೆ ಕೊಡುವೆನೆಂಬ ಬಾಯಿಮಾತನ್ನು ನಂಬಿ ಕಾಲ ಕಳೆದವನ ಹಕ್ಕು ಕೋರ್ಟಿನಲ್ಲಿ ನಿಲ್ಲುವದು ಕಷ್ಟ.

೫. ವಕೀಲನು ಬೇಕಾದರೆ? ಕೆಲವು ವ್ಯಾಜ್ಯಗಳು ರಾಜಿಯಿಂದ ತೀರವು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಮುಂತಾದವರಿಗೆ ಅದೇ ಕಾಯಿದೆಯ ಪ್ರಕಾರ ಉಚಿತವಾಗಿ ವಕೀಲರ ಸಹಾಯವು ಸಿಕ್ಕುವದು. ಆ ವಿಧವೆಯೂ ಅದನ್ನು ಕೇಳಿಕೊಳ್ಳಬಹುದು.

ರಾಜಿಯೆಂದರೆ ಸೋಲಲ್ಲ, ಅನ್ಯಾಯವನ್ನು ಸುಮ್ಮನೆ ಸಹಿಸುವದೂ ಅಲ್ಲ. ನ್ಯಾಯವಾದದ್ದನ್ನು ಪಡಕೊಂಡು, ನಾಳೆ ಅದೇ ಬಾವಿಯಲ್ಲಿ ನೆರೆಯವನ ಸಂಗಡ ನೀರು ಸೇದುವ ಹಾಗಿರುವದೇ ಅದರ ಲಾಭ.

ಪ್ರಶ್ನೆಗಳು: (೧) ಅದಾಲತ್ತಿನ ತೀರ್ಪಿಗೆ ಬಲವು ಎಲ್ಲಿಂದ ಬರುತ್ತದೆ? (೨) ರುಜು ಹಾಕುವ ಮುಂಚೆ ಏನು ಮಾಡಬೇಕು? (೩) ನಿಮ್ಮ ಪೆಟ್ಟಿಗೆಯಲ್ಲಿರುವ ನೋಟಿಗೆ ಎಷ್ಟು ವರುಷವಾಯಿತು?