ನೇಕಾರರ ಬಳಲಿಕೆ: ಮಾಲೀಕರು ಅರಿಯಬೇಕಾದುದು

ಗುಳೇದಗುಡ್ಡದ ಖಣವು ಉಡಿ ತುಂಬುವ ಶುಭಕಾರ್ಯಗಳಿಗೆ ಬೇಕಾದ ವಸ್ತ್ರ. ನೇಯ್ದಷ್ಟಕ್ಕೇ ಕೂಲಿ ದೊರೆಯುವಲ್ಲಿ ವಿಶ್ರಾಂತಿಯೂ ನಷ್ಟವೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವೃತ್ತಿ ಬಳಲಿಕೆಯನ್ನು ರೋಗವೆನ್ನದೆ, ನಿಭಾಯಿಸಲಾಗದ ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮವೆಂದು ವಿವರಿಸಿತು. ಅದರ ಲಕ್ಷಣಗಳು ಮೂರು: ಶಕ್ತಿಗುಂದುವಿಕೆ, ಕೆಲಸದಲ್ಲಿ ಜಿಗುಪ್ಸೆ, ದಕ್ಷತೆಯ ಕುಸಿತ.

ಹಿರಿಯ ನೇಕಾರನು ಇದನ್ನು ‘ಬ್ಯಾಸರ ಬಂದೈತ್ರಿ’ ಎಂದಾನು. ಕಿರಿಯನು ‘ಟೆನ್ಶನ್’ ಎಂದಾನು. ಮಾತು ಬದಲಾದರೂ ಬೇನೆ ಒಂದೇ ಇರಬಹುದು. ಅದನ್ನು ಸೋಮಾರಿತನವೆಂದು ಗದರಿಸುವುದು ತರವಲ್ಲ. ಬೇಡಿಕೆಯನ್ನು ಮುಂಚಿತವಾಗಿ ಹಂಚುವುದು, ಸಾಧ್ಯವಾಗುವ ಗಡುವು ನೀಡುವುದು, ಕೂಲಿಯನ್ನು ತಡೆಯದಿರುವುದು ಮಾಲೀಕರ ಕೈಯಲ್ಲಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಬೇಸತ್ತು ಗುಳೆ ಹೋದ ನೇಕಾರನೊಡನೆ ಅವನ ಕಸುಬೂ ಊರು ಬಿಡುತ್ತದೆ.