ಘಟ್ಟದಿಳಿವಿನಲ್ಲಿ ಬ್ರೇಕು ಕೈಕೊಡುವುದೇಕೆ?

ಮೈಸೂರಿನ ಕಡೆಯಿಂದ ಉದಕಮಂಡಲಕ್ಕೆ ಹೋಗುವ ಹಾದಿಗಳಲ್ಲಿ ಮಸಿನಗುಡಿ-ಕಲ್ಹಟ್ಟಿಯ ಹಾದಿಯು ಹತ್ತಿರದ್ದು, ಅಷ್ಟೇ ಕಡಿದಾದದ್ದು. ಅದರಲ್ಲಿ ಮೂವತ್ತಾರು ಹಿಮ್ಮುರಿ ತಿರುವುಗಳಿವೆ. ಉದಕಮಂಡಲದ ಎತ್ತರ ಸಮುದ್ರಮಟ್ಟದಿಂದ ಸುಮಾರು ೨,೨೪೦ ಮೀಟರು. ಅಲ್ಲಿಂದ ಹೊರಟ ಕಾರು ಮಸಿನಗುಡಿಯನ್ನು ಸೇರುವ ವೇಳೆಗೆ ಸಾವಿರ ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ.

ಇಂಥ ಇಳಿವಿನಲ್ಲಿ ಒಂದು ವಿಚಿತ್ರವಾದ ಸಂಗತಿ ನಡೆಯುವುದುಂಟು. ಅರ್ಧ ದಾರಿಯವರೆಗೂ ಚೆನ್ನಾಗಿಯೇ ಇದ್ದ ಬ್ರೇಕು ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಪೆಡಲನ್ನೊತ್ತಿದರೆ ಅದು ಯಾವ ವಿರೋಧವನ್ನೂ ತೋರದೆ ತಳವನ್ನು ಮುಟ್ಟುತ್ತದೆ. ಚಾಲಕನು ಗೇರನ್ನು ತಗ್ಗಿಸಿ, ಕೈಬ್ರೇಕನ್ನೆಳೆದು, ಗಾಡಿಯನ್ನು ಬೆಟ್ಟದ ಕಡೆಯ ದಿಬ್ಬಕ್ಕೆ ಒರಗಿಸಿ ಹೇಗೋ ಪಾರಾದನೆನ್ನೋಣ. ಒಂದು ಗಂಟೆಯ ತರುವಾಯ ಒತ್ತಿನೋಡಿದರೆ ಪೆಡಲು ಮೊದಲಿನಂತೆಯೇ ಗಟ್ಟಿಯಾಗಿದೆ! ಮರುದಿನ ಗ್ಯಾರೇಜಿನಲ್ಲಿ ಪರೀಕ್ಷಿಸಿದರೆ ಎಲ್ಲಿಯೂ ಸೋರಿಕೆಯಿಲ್ಲ, ಪ್ಯಾಡುಗಳು ಸವೆದಿಲ್ಲ. ದೋಷವೇನೂ ಇಲ್ಲವೆಂದು ಹೇಳಿಯೋ, ಮಾಲೀಕನ ಸಮಾಧಾನಕ್ಕಾಗಿ ಹೊಸ ಪ್ಯಾಡುಗಳನ್ನು ಜೋಡಿಸಿಯೋ ಕಾರನ್ನು ಕಳುಹಿಸಿಕೊಡುತ್ತಾರೆ. ಮುಂದಿನ ಘಟ್ಟದಲ್ಲಿ ಮತ್ತೆ ಅದೇ ಕಥೆ; ಈ ಸಲ ದಿಬ್ಬವು ಸಿಕ್ಕುವುದೋ ಇಲ್ಲವೋ ಹೇಳಲಾಗದು.

ದೋಷವು ಇದ್ದುದು ನಿಜ. ಆದರೆ ಅದು ತಣ್ಣಗಿರುವ ಕಾರಿನಲ್ಲಿ ಕಾಣಿಸಿಕೊಳ್ಳುವ ಜಾತಿಯದಲ್ಲ. ಅದನ್ನು ಗುರುತಿಸಲು ಆ ಕ್ಷಣದಲ್ಲಿ ಚಾಲಕನ ಪಾದಕ್ಕೆ ಆದ ಅನುಭವವೇ ಮುಖ್ಯವಾದ ಸಾಕ್ಷ್ಯ. ಆ ಸಾಕ್ಷ್ಯವನ್ನು ಓದಿ ಅರ್ಥಮಾಡಿಕೊಳ್ಳಲು ಬೇಕಾದ ಭೌತಶಾಸ್ತ್ರವಾದರೋ ಪ್ರೌಢಶಾಲೆಯ ಮಟ್ಟದ್ದೇ.

ಮೊದಲು ಶಾಖದ ಲೆಕ್ಕವನ್ನು ನೋಡೋಣ. ಬ್ರೇಕು ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವ ಒಂದು ಸಾಧನ. ಪ್ರಯಾಣಿಕರೊಡನೆ ೧,೨೦೦ ಕಿಲೋಗ್ರಾಂ ತೂಗುವ ಕಾರು ಗಂಟೆಗೆ ೭೨ ಕಿಲೋಮೀಟರು, ಅಂದರೆ ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಓಡುತ್ತಿರುವಾಗ ಅದರ ಚಲನಶಕ್ತಿ ೨ ಲಕ್ಷ ೪೦ ಸಾವಿರ ಜೂಲ್. ಕಾರನ್ನು ನಿಲ್ಲಿಸಿದಾಗ ಇದು ಬಹುಮಟ್ಟಿಗೆ ಬ್ರೇಕುಗಳಲ್ಲಿಯೇ ಶಾಖವಾಗುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮುಂದಿನ ಚಕ್ರಗಳ ಪಾಲು ಎಂದಿಟ್ಟುಕೊಳ್ಳಬಹುದು. ಮುಂದಿನ ಎರಡು ಬೀಡುಕಬ್ಬಿಣದ ಡಿಸ್ಕುಗಳು ಒಟ್ಟು ೧೦ ಕಿಲೋಗ್ರಾಂ ತೂಗುವುದಾದರೆ, ಒಂದು ಸಲ ನಿಲ್ಲಿಸಿದಾಗ ಅವುಗಳ ಉಷ್ಣತೆ ಹೆಚ್ಚುಕಡಿಮೆ ೩೬ ಡಿಗ್ರಿ ಏರುತ್ತದೆ. ಪೇಟೆಯ ಓಡಾಟದಲ್ಲಿ ಇದೇನೂ ದೊಡ್ಡದಲ್ಲ. ಎರಡು ನಿಲುಗಡೆಗಳ ನಡುವೆ ಗಾಳಿ ಅದನ್ನು ಆರಿಸಿಬಿಡುತ್ತದೆ.

ಇದೇ ಕಾರು ಸಾವಿರ ಮೀಟರು ಇಳಿದರೆ ಕಳೆದುಕೊಳ್ಳುವ ಪ್ರಚ್ಛನ್ನಶಕ್ತಿ ೧ ಕೋಟಿ ೧೮ ಲಕ್ಷ ಜೂಲ್. ಅಂದರೆ ಕಾರನ್ನು ಆ ವೇಗದಿಂದ ೪೯ ಸಲ ನಿಲ್ಲಿಸಿದ್ದಕ್ಕೆ ಸಮ. ಒಂದು ಸ್ನಾನದ ಹಂಡೆಯಲ್ಲಿ ೩೫ ಲೀಟರು ತಣ್ಣೀರನ್ನಿಟ್ಟು ಮರಳುವ ಹದಕ್ಕೆ ತರಲು ಇಷ್ಟು ಶಕ್ತಿ ಸಾಕು. ಇದೆಲ್ಲವನ್ನೂ ಬ್ರೇಕುಗಳೇ ಹೊತ್ತು, ಗಾಳಿಗೆ ಒಂದಿಷ್ಟನ್ನೂ ಬಿಟ್ಟುಕೊಡದೆ ಹೋದರೆ ಡಿಸ್ಕುಗಳು ಕರಗಿಹೋಗಬೇಕಾಗುತ್ತಿತ್ತು. ಪುಣ್ಯಕ್ಕೆ ಗಾಳಿಯೂ ಇದೆ, ಗೇರೂ ಇದೆ. ಕೆಳಗಿನ ಗೇರಿನಲ್ಲಿ ಇಳಿಯುವಾಗ ಚಕ್ರಗಳೇ ಇಂಜಿನನ್ನು ತಿರುಗಿಸಬೇಕಾಗಿ ಬಂದು ಶಕ್ತಿಯ ದೊಡ್ಡ ಪಾಲು ಅಲ್ಲಿ ವ್ಯಯವಾಗುತ್ತದೆ. ಘಟ್ಟದ ನೆತ್ತಿಯಲ್ಲಿ ನೆಟ್ಟ ಎಚ್ಚರಿಕೆಯ ಫಲಕಗಳ ಅರ್ಥ ಇದು. ಪೆಟ್ರೋಲನ್ನು ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಇಳಿಯುವವರು ತಿಳಿಯಬೇಕಾದ ಇನ್ನೊಂದು ಮಾತಿದೆ: ಈಗಿನ ಇಂಜಿನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಬಿಟ್ಟಾಗ ಇಂಧನದ ಸರಬರಾಜು ತಾನೇ ನಿಲ್ಲುತ್ತದೆ; ನ್ಯೂಟ್ರಲಿನಲ್ಲಾದರೆ ಇಂಜಿನು ಆರದಿರಲು ಇಂಧನ ಬೇಕೇ ಬೇಕು.

ಇನ್ನು ಪಾದದ ಬಲವು ಚಕ್ರವನ್ನು ಮುಟ್ಟುವ ಬಗೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲನು ಹದಿನೇಳನೆಯ ಶತಮಾನದಲ್ಲಿ ಹೇಳಿದ ನಿಯಮವನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಅದು ತಮ್ಮ ಮನೆಯ ಕಾರಿನಲ್ಲಿಯೇ ಕೆಲಸಮಾಡುತ್ತಿದೆಯೆಂಬುದು ಮಾತ್ರ ಅನೇಕರಿಗೆ ಹೊಳೆದಿರುವುದಿಲ್ಲ. ಪಾದವು ೨೦ ಕಿಲೋಗ್ರಾಂ ಭಾರದಷ್ಟು ಒತ್ತಿತೆನ್ನೋಣ. ಪೆಡಲು ಒಂದು ಸನ್ನೆ. ಅದು ಈ ಬಲವನ್ನು ನಾಲ್ಮಡಿ ಮಾಡಿದರೆ ೮೦. ಇಂಜಿನಿನ ನಿರ್ವಾತದಿಂದ ನಡೆಯುವ ಬೂಸ್ಟರು ಅದನ್ನು ಮೂರುಪಟ್ಟು ಮಾಡಿದರೆ ೨೪೦. ಇದು ಮಾಸ್ಟರ್ ಸಿಲಿಂಡರಿನ ೨೦ ಮಿಲಿಮೀಟರು ವ್ಯಾಸದ ಪಿಸ್ಟನ್ನನ್ನು ತಳ್ಳುತ್ತದೆ. ಚಕ್ರದ ಬಳಿ ಕ್ಯಾಲಿಪರಿನಲ್ಲಿರುವ ಪಿಸ್ಟನ್ನಿನ ವ್ಯಾಸ ೫೦ ಮಿಲಿಮೀಟರಾದರೆ ಅದರ ವಿಸ್ತೀರ್ಣ ಆರೂಕಾಲು ಪಟ್ಟು. ಹೀಗೆ ಪ್ಯಾಡು ಡಿಸ್ಕನ್ನು ಒತ್ತುವ ಬಲ ೧,೫೦೦ ಕಿಲೋಗ್ರಾಂ ಭಾರದಷ್ಟಾಗುತ್ತದೆ.

ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಳ್ಳಲೇಬೇಕು. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ೨೫ ಮಿಲಿಮೀಟರು ಸರಿದರೆ ಅದು ತಳ್ಳುವ ದ್ರವ ಸುಮಾರು ೮ ಘನ ಸೆಂಟಿಮೀಟರು ಮಾತ್ರ. ದ್ರವವನ್ನು ಅದುಮಿ ಕುಗ್ಗಿಸಲು ಸಾಧ್ಯವಿಲ್ಲದಿರುವುದರಿಂದ ಇಷ್ಟೇ ಸಾಕಾಗುತ್ತದೆ. ಕೊಳವೆಯೊಳಗೆ ಅದುಮಿದರೆ ಕುಗ್ಗುವ ವಸ್ತುವೇನಾದರೂ ಸೇರಿಕೊಂಡರೆ ಆ ೮ ಘನ ಸೆಂಟಿಮೀಟರು ಅದನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗುತ್ತದೆ.

ಜನರು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವು ಸಾಮಾನ್ಯವಾಗಿ ಎಣ್ಣೆಯ ಜಾತಿಗೆ ಸೇರಿದ್ದೇ ಅಲ್ಲ. ಅದು ಗ್ಲೈಕಾಲ್ ಈಥರುಗಳ ಮಿಶ್ರಣ. ಮಳೆಗಾಲದಲ್ಲಿ ಉಪ್ಪು ಪಸೆಯೊಡೆಯುವಂತೆ ಇದೂ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರಿನ ಕೊಳವೆಗಳ ಗೋಡೆಗಳ ಮೂಲಕವೂ ನೀರಿನ ಅಂಶ ಮೆಲ್ಲಗೆ ಒಳಸೇರುತ್ತದೆ. ‘ಡಾಟ್ ೩’ ದರ್ಜೆಯ ಹೊಸ ದ್ರವದ ಕುದಿಬಿಂದು ೨೦೫ ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಿರಕೂಡದೆಂದು ನಿಯಮವಿದೆ. ನೂರಕ್ಕೆ ೩.೭ರಷ್ಟು ನೀರು ಸೇರಿದ ಮೇಲೆ ಅದಕ್ಕೆ ವಿಧಿಸಿರುವ ಕನಿಷ್ಠ ಮಿತಿ ೧೪೦ ಡಿಗ್ರಿ. ‘ಡಾಟ್ ೪’ ದರ್ಜೆಗೆ ಈ ಅಂಕಿಗಳು ೨೩೦ ಮತ್ತು ೧೫೫. ಘಟ್ಟದ ಇಳಿವಿನಲ್ಲಿ ಕೆಂಪೇರುವಷ್ಟು ಕಾದ ಪ್ಯಾಡಿನ ಬೆನ್ನಿಗೇ ಈ ದ್ರವವಿರುವುದನ್ನು ನೆನೆದರೆ ಆ ಅರವತ್ತೆಪ್ಪತ್ತು ಡಿಗ್ರಿಗಳ ಬೆಲೆ ತಿಳಿಯುತ್ತದೆ.

ಒಂದು ತೊಟ್ಟು ನೀರು ಸುಮಾರು ಇಪ್ಪತ್ತನೆಯ ಒಂದು ಘನ ಸೆಂಟಿಮೀಟರು. ವಾಯುಮಂಡಲದ ಒತ್ತಡದಲ್ಲಿ ಹಬೆಯಾದರೆ ಅದು ಸಾವಿರದ ಏಳುನೂರು ಪಟ್ಟು ಹಿಗ್ಗಿ ಎಂಬತ್ತು ಘನ ಸೆಂಟಿಮೀಟರನ್ನು ಮೀರುತ್ತದೆ. ಪೆಡಲು ತಳ್ಳಬಲ್ಲ ದ್ರವವಾದರೋ ಎಂಟೇ ಘನ ಸೆಂಟಿಮೀಟರು! ಹಬೆಯನ್ನು ಅದುಮಿ ಮತ್ತೆ ನೀರಾಗಿಸುವಷ್ಟರಲ್ಲಿಯೇ ಪೆಡಲಿನ ಹಾದಿ ತೀರಿರುತ್ತದೆ. ತಣ್ಣಗಾದ ಮೇಲೆ ಹಬೆಯು ತಾನಾಗಿ ದ್ರವದಲ್ಲಿ ಅಡಗುತ್ತದೆ, ಪೆಡಲು ಮರಳಿ ಗಟ್ಟಿಯಾಗುತ್ತದೆ. ಗ್ಯಾರೇಜಿಗೆ ಕಾಣದೆಹೋದ ದೋಷ ಇದೇ. ಇದಕ್ಕೆ ಬದಲಾಯಿಸಬೇಕಾದದ್ದು ಪ್ಯಾಡನ್ನಲ್ಲ, ದ್ರವವನ್ನು. ಅಪಾಯದ ಕ್ಷಣದಲ್ಲಿ ಪೆಡಲನ್ನು ಬೇಗಬೇಗನೆ ಹಲವು ಸಲ ಒತ್ತಿದರೆ ಮೇಲಿನ ಡಬ್ಬಿಯಿಂದ ಹೆಚ್ಚಿನ ದ್ರವ ಬಂದು ಸ್ವಲ್ಪ ಒತ್ತಡ ಒದಗಬಹುದೆಂಬುದನ್ನೂ ನೆನಪಿಡತಕ್ಕದ್ದು.

ಶಾಖದಿಂದಲೇ ಆಗುವ ಇನ್ನೊಂದು ವೈಫಲ್ಯವಿದೆ. ಪಾದಕ್ಕೆ ಅದರ ಅನುಭವವು ತೀರ ಬೇರೆ. ಇಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಒತ್ತಡವು ಚಕ್ರವನ್ನು ತಲಪಿದೆ, ಘರ್ಷಣೆ ಇಲ್ಲವಾಗಿದೆ. ಪ್ಯಾಡಿನ ಪುಡಿಗಳನ್ನು ಕಚ್ಚಿ ಹಿಡಿದಿರುವ ರಾಳವು ಅತಿಯಾದ ಶಾಖಕ್ಕೆ ಒಡೆದು, ಘರ್ಷಣಾಂಕವು ಕುಸಿಯುತ್ತದೆ; ಸುಟ್ಟ ವಾಸನೆಯೂ ಬರುತ್ತದೆ. ಪ್ಯಾಡುಗಳ ಗುಣವನ್ನು ಸಂದೇಹಿಸಬೇಕಾದದ್ದು ಈಗ. ತಣ್ಣಗಿರುವಾಗಲೂ ಮೊದಲಿನಿಂದಲೇ ಪೆಡಲು ಬಿರುಸಾಗಿದ್ದರೆ ಬೂಸ್ಟರನ್ನು ಪರೀಕ್ಷಿಸಬೇಕು. ಇಂಜಿನನ್ನು ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಹಾಗೆಯೇ ಒತ್ತಿಹಿಡಿದು ಇಂಜಿನನ್ನು ಚಾಲೂ ಮಾಡಿದರೆ ಪೆಡಲು ಕೊಂಚ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರೋ ಅದರ ನಿರ್ವಾತದ ಕೊಳವೆಯೋ ಕೆಟ್ಟಿದೆ.

ಹಿಂದಿನ ಚಕ್ರಗಳಿಗೆ ಡ್ರಮ್ಮುಗಳಿರುವ ಕಾರುಗಳಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕಾದ ಡ್ರಮ್ಮು ಹಿಗ್ಗಿ ಒಳಗಿನ ಷೂಗಳಿಂದ ದೂರ ಸರಿಯುತ್ತದೆ; ಕಾದ ಡಿಸ್ಕು ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಆದುದರಿಂದ ಡ್ರಮ್ಮು ಕಾದಾಗ ಪೆಡಲು ಸ್ವಲ್ಪ ತಗ್ಗುವುದು ಸಹಜ.

ಪೆಡಲಿನ ಉಳಿದ ಲಕ್ಷಣಗಳನ್ನು ಬೇಗ ನೋಡಿಬಿಡೋಣ. ಯಾವಾಗಲೂ ಮೆತ್ತಗೆ ಸ್ಪಂಜಿನಂತಿದ್ದರೆ ಕೊಳವೆಯಲ್ಲಿ ಗಾಳಿಯಿದೆ. ಒಂದೇ ಸಮನೆ ಒತ್ತಿಹಿಡಿದಾಗ ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಎಲ್ಲಿಯೋ ಸೋರುತ್ತಿದೆ. ಹೊರಗೆ ತೇವ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರಿನ ಸೀಲು ದ್ರವವನ್ನು ಹಿಂದಕ್ಕೆ ಬಿಡುತ್ತಿದೆ. ಒತ್ತಿದಾಗ ಪಾದವು ಮಿಡಿದು ಸ್ಟಿಯರಿಂಗು ನಡುಗಿದರೆ ಡಿಸ್ಕು ಸೊಟ್ಟಗಾಗಿದೆಯೆಂದು ಹೇಳುವ ವಾಡಿಕೆಯಿದೆ. ವಾಸ್ತವವಾಗಿ ಅದರ ದಪ್ಪದಲ್ಲಿ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ವ್ಯತ್ಯಾಸವಾದರೂ ಮಿಡಿತ ತಿಳಿಯುತ್ತದೆ. ಜಾರುವ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಮಾತ್ರ ಬರುವ ಪಟಪಟ ಮಿಡಿತವಾದರೋ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯ ಕೆಲಸ, ಅದು ದೋಷವಲ್ಲ.

ಬ್ರೇಕು ಹಾಕಿದೊಡನೆ ಕಾರು ಒಂದು ಮಗ್ಗುಲಿಗೆ ಎಳೆದರೆ ವಿಚಾರ ಸ್ವಲ್ಪ ಜಟಿಲ. ಒಂದು ಕಡೆಯ ಕ್ಯಾಲಿಪರು ತುಕ್ಕುಹಿಡಿದು ಅಂಟಿಕೊಂಡಿರಬಹುದು. ರಬ್ಬರಿನ ಕೊಳವೆ ಒಳಗೆ ಊದಿಕೊಂಡು, ದ್ರವವನ್ನು ಹೋಗಲು ಬಿಟ್ಟು ಹಿಂದಿರುಗಲು ಬಿಡದಿರಬಹುದು. ಆಗ ಪೆಡಲನ್ನು ಬಿಟ್ಟಮೇಲೂ ಆ ಚಕ್ರ ಹಿಡಿದುಕೊಂಡೇ ಇರುತ್ತದೆ, ಇತರ ಚಕ್ರಗಳಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಇವೆರಡನ್ನೂ ಬೇರ್ಪಡಿಸುವ ಉಪಾಯ ಸುಲಭ. ಗಾಡಿಯನ್ನು ಜಾಕಿನ ಮೇಲೆ ಭದ್ರವಾಗಿ ನಿಲ್ಲಿಸಿ, ಕ್ಯಾಲಿಪರಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿದೊಡನೆ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡವು ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು; ಆಗಲೂ ತಿರುಗದಿದ್ದರೆ ಕ್ಯಾಲಿಪರೇ ಬಿಗಿದಿದೆ. ಇನ್ನೂ ಮೂರನೆಯ ಸಾಧ್ಯತೆಯಿದೆ. ಬ್ರೇಕುಗಳೆಲ್ಲವೂ ಸರಿಯಾಗಿದ್ದು, ಚಕ್ರವನ್ನು ಹಿಡಿದಿರುವ ತೋಳಿನ ರಬ್ಬರು ಬುಷ್ ಹರಿದಿದ್ದರೆ, ಬ್ರೇಕಿನ ಬಲಕ್ಕೆ ಆ ಚಕ್ರ ಹಿಂದೆ ಸರಿದು ಕಾರು ಓರೆಯಾಗುತ್ತದೆ.

ಹೀಗೆ ಸಸ್ಪೆನ್ಷನ್ನಿಗೂ ಬ್ರೇಕಿಗೂ ನಂಟು ಬಂತು. ಜೋರಾಗಿ ಬ್ರೇಕು ಹಾಕಿದಾಗ ನಮ್ಮ ೧,೨೦೦ ಕಿಲೋಗ್ರಾಮಿನ ಕಾರಿನಲ್ಲಿ ಇನ್ನೂರು ಕಿಲೋಗ್ರಾಮಿಗೆ ಸಮೀಪದ ಭಾರ ಹಿಂದಿನಿಂದ ಮುಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ಟೈರಿನ ಹಿಡಿತವು ಅದರ ಮೇಲಿನ ಭಾರವನ್ನವಲಂಬಿಸಿದೆ. ಷಾಕ್ ಅಬ್ಸಾರ್ಬರು ಸತ್ತ ಕಾರಿನಲ್ಲಿ ಚಕ್ರವು ಕುಪ್ಪಳಿಸುತ್ತ, ಭಾರವು ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ, ಹೊಸ ಪ್ಯಾಡುಗಳಿದ್ದರೂ ಕಾರು ದೂರ ಹೋಗಿ ನಿಲ್ಲುತ್ತದೆ. ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟರೆ ಅದು ಒಮ್ಮೆ ಎದ್ದು ನೆಲೆಗೊಳ್ಳಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ ಷಾಕ್ ಅಬ್ಸಾರ್ಬರಿನ ಆಯುಸ್ಸು ಮುಗಿದಿದೆ. ಆದರೆ ಕಾರು ಒಂದು ಕಡೆಗೆ ಕುಸಿದು ನಿಂತಿದ್ದರೆ ಅಪರಾಧವನ್ನು ಸಾಮಾನ್ಯವಾಗಿ ಸ್ಪ್ರಿಂಗಿನ ಮೇಲೆ ಹೊರಿಸಬೇಕು. ಭಾರವನ್ನು ಹೊರುವುದು ಸ್ಪ್ರಿಂಗು. ಅದರ ಆಂದೋಲನವನ್ನು ಅಡಗಿಸುವುದಷ್ಟೆ ಷಾಕ್ ಅಬ್ಸಾರ್ಬರಿನ ಕೆಲಸ. ಇವೆರಡನ್ನೂ ಒಂದೇ ಎಂದು ಭಾವಿಸಿ ಹಣ ಕಳೆದುಕೊಳ್ಳುವವರು ಕಡಮೆಯೇನಲ್ಲ.

ಬಿಡಿಭಾಗಗಳನ್ನು ಆರಿಸುವಾಗ ಪ್ಯಾಡು, ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳನ್ನು ಎಡಬಲ ಎರಡೂ ಕಡೆಗೆ ಜೋಡಿಯಾಗಿಯೇ ಬದಲಾಯಿಸತಕ್ಕದ್ದು. ಅನೇಕ ಪ್ಯಾಡುಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳನ್ನು ಮುದ್ರಿಸಿರುತ್ತಾರೆ. ಮೊದಲನೆಯದು ಸಾಧಾರಣ ಉಷ್ಣತೆಯ, ಎರಡನೆಯದು ಕಾದ ಸ್ಥಿತಿಯ ಘರ್ಷಣಾಂಕವನ್ನು ಸೂಚಿಸುತ್ತದೆ. ‘ಇ’ ಎಂದರೆ ೦.೨೫ರಿಂದ ೦.೩೫, ‘ಎಫ್’ ಎಂದರೆ ೦.೩೫ರಿಂದ ೦.೪೫. ಎರಡನೆಯ ಅಕ್ಷರವು ಮೊದಲನೆಯದಕ್ಕಿಂತ ಕೆಳಗಿನದಾದರೆ ಆ ಪ್ಯಾಡು ಬಿಸಿಯಲ್ಲಿ ಸೋಲುವ ಜಾತಿಯದು. ಮಲೆನಾಡಿನವರು ಅದನ್ನು ಬಿಡುವುದೊಳ್ಳೆಯದು. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಕೊರೆದಿರುವುದುಂಟು. ಅದಕ್ಕಿಂತ ತೆಳುವಾದದ್ದನ್ನು ಕಡೆಸಿ ನಯಮಾಡಿಸುವುದು ಜಾಣತನವೆನಿಸದು. ಕಬ್ಬಿಣ ಕಡಮೆಯಾದಷ್ಟೂ ಅದು ಬೇಗ ಕಾಯುತ್ತದೆ. ಹಳೆಯ ಬ್ರೇಕುಗಳ ಧೂಳಿನಲ್ಲಿ ಕ್ಯಾನ್ಸರ್ ತರುವ ಕಲ್ನಾರು ಇರಬಹುದಾದ್ದರಿಂದ ಅದನ್ನು ಊದಿ ಹಾರಿಸದೆ ಒದ್ದೆಬಟ್ಟೆಯಿಂದ ಒರಸಿ ತೆಗೆಯಬೇಕು.

ದ್ರವವನ್ನು ಎರಡು ವರ್ಷಗಳಿಗೊಮ್ಮೆಯಾದರೂ, ಕಾರು ಓಡಿರಲಿ ಬಿಡಲಿ, ಬದಲಾಯಿಸುವುದು ಯುಕ್ತ. ಬಹಳ ದಿನಗಳಿಂದ ತೆರೆದಿಟ್ಟ ಡಬ್ಬಿಯದು ಬೇಡ. ಅದು ಆಗಲೇ ನೀರು ಕುಡಿದಿರುತ್ತದೆ. ಅವಸರಕ್ಕೆ ಇಂಜಿನ್ ಆಯಿಲನ್ನು ಸುರಿದರಂತೂ ಸೀಲುಗಳೆಲ್ಲ ಊದಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಹೊಸ ಪ್ಯಾಡುಗಳನ್ನು ಕೂಡಿಸುವಾಗ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಆದ್ದರಿಂದ ಗ್ಯಾರೇಜಿನಿಂದ ಹೊರಡುವ ಮುನ್ನ, ಕಾರು ನಿಂತಿರುವಂತೆಯೇ, ಪೆಡಲು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಮೊದಲಿನ ಒಂದೆರಡು ಒತ್ತುಗಳಲ್ಲಿ ಅದು ತಳಕ್ಕೇ ಹೋಗುತ್ತದೆ.